ಬಸುರಿನೊಳಗಿನ ಎದೆಬಡಿತ

ಗರ್ಭದಲ್ಲಿರುವ ಕೂಸಿನ ಎದೆ ನಿಮಿಷಕ್ಕೆ ಸುಮಾರು 110ರಿಂದ 160 ಸಲ ಬಡಿಯುತ್ತದೆ. ತಾಯಿಯ ಬಡಿತಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾದ ಈ ವೇಗ ರೋಗದ ಲಕ್ಷಣವಲ್ಲ. ಬಡಿತ ಈ ಮಿತಿಯಿಂದಾಚೆ ಹೋಗಿ ಅಲ್ಲೇ ಉಳಿದರೆ, ಹೆರಿಗೆ ನೋವಿನಲ್ಲಿ ಕುಸಿದದ್ದು ಮತ್ತೆ ಚೇತರಿಸದಿದ್ದರೆ ಎಚ್ಚರ ಬೇಕು.

ಈ ಸದ್ದನ್ನು 1818ರಲ್ಲಿ ಜಿನೀವಾದ ಫ್ರಾನ್ಸ್ವಾ ಮೇಯರ್ ಬಸುರಿಯ ಹೊಟ್ಟೆಗೆ ಕಿವಿಗೊಟ್ಟು ಕೇಳಿದ. 1821ರಲ್ಲಿ ಫ್ರಾನ್ಸಿನ ಕೆರ್ಗಾರಾಡೆಕ್ ಸ್ಟೆತಾಸ್ಕೋಪಿನಿಂದ ಗರ್ಭದ ನೀರಿನ ಸಪ್ಪಳ ಹುಡುಕಲು ಹೋಗಿ, ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಬಡಿತವನ್ನು ಗುರುತಿಸಿದ. ಅದರ ಏರಿಳಿತದಿಂದ ಕೂಸಿನ ಕ್ಷೇಮ ತಿಳಿಯಬಹುದೆಂದು ಸೂಚಿಸಿದವನೂ ಅವನೇ. ಮುಂದೆ ಅಡಾಲ್ಫ್ ಪಿನಾರ್ ತುತ್ತೂರಿಯಂಥ ಕೊಳವೆಯನ್ನು ಬಳಕೆಗೆ ತಂದ. 1958ರಲ್ಲಿ ಎಡ್ವರ್ಡ್ ಹಾನ್ ವಿದ್ಯುನ್ಮಾನ ದಾಖಲೆಯ ಕ್ರಮವನ್ನು ಪ್ರಕಟಿಸಿದ. ಆದರೂ ಕೊಳವೆ ಮೂಲೆಗೆ ಸರಿಯಲಿಲ್ಲ. ಆರೋಗ್ಯವಂತ ಗರ್ಭಿಣಿಯ ಹೆರಿಗೆಯಲ್ಲಿ ಕೊಳವೆ ಅಥವಾ ಡಾಪ್ಲರ್‌ನಿಂದ ಆಗಾಗ ಎಣಿಸಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು.

ಆದರೆ ಎಣಿಕೆ ಅಪಾಯವನ್ನು ತಿಳಿಸುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜಟಿಲ ಪ್ರಕರಣಗಳು ಮಾತ್ರ ಉಡುಪಿ, ಮಣಿಪಾಲದ ದಾರಿ ಹಿಡಿಯುತ್ತವೆ. ಭಟ್ಕಳದಿಂದಲೇ ಅದು ಸುಮಾರು 90 ಕಿ.ಮೀ.; ಹೊನ್ನಾವರ, ಕುಮಟಾದವರಿಗೆ ಇನ್ನೂ ದೂರ. 2008ರಲ್ಲಿ ಬಂದ 108 ಆಂಬುಲೆನ್ಸ್ ವಾಹನದ ಕೊರತೆ ನೀಗಿತು, ದೂರವನ್ನಲ್ಲ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾದದ್ದು ಇದಕ್ಕಾಗಿಯೇ. ಹಾಗಾಗಿ ಈ ಕರಾವಳಿಯಲ್ಲಿ, ಕೂಸಿನ ಮಿಸುಕಾಟ ಕಡಿಮೆಯಾಯಿತೆಂದು ಬಸುರಿ ಹೇಳಿದರೆ ಬೆಳಗಾಗಲೆಂದು ಕಾಯಬಾರದು.