ಕರಿ ದ್ರಾಕ್ಷಿಯ ಕತೆ



ಬೆಂಗಳೂರಿನ ಹಾಪ್‌ಕಾಮ್ಸ್ ಮಳಿಗೆ ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಸೊಪ್ಪು, ತರಕಾರಿ, ಮಾವು, ಕಿತ್ತಳೆ ಎಲ್ಲವೂ ಅಲ್ಲಿ ಸಿಗುತ್ತೆ. ಆದರೆ ಆ ಸಂಸ್ಥೆ ಹುಟ್ಟಿದ್ದು ದ್ರಾಕ್ಷಿ ಬೆಳೆಗಾರರಿಗೋಸ್ಕರ ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ಅಂತ ಅದು ಶುರುವಾಯಿತು. ಬೇರೆ ಹಣ್ಣು ತರಕಾರಿ ಸೇರಿದ್ದು, ಹೆಸರು ಬದಲಾದದ್ದು ಎಲ್ಲ ಆಮೇಲಿನ ಮಾತು. ಆ ಹಳೆಯ ಹೆಸರಿನಲ್ಲಿ ‘ಸಂಸ್ಕರಣ’ ಅನ್ನೋ ಪದ ಇದೆ ನೋಡಿ. ಹಣ್ಣನ್ನು ಹಣ್ಣಾಗಿಯೇ ಮಾರಿದರೆ ದ್ರಾಕ್ಷಿ ರೈತ ಉಳಿಯೋದು ಕಷ್ಟ ಅಂತ ಹಿರಿಯರಿಗೆ ಆಗಲೇ ಹೊಳೆದಿತ್ತು ಅಂತ ನನ್ನ ಭಾವನೆ.

ರಜತ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆಯಿರಿ ಅಂತ ನಮ್ಮ ಕಾರ್ಯದರ್ಶಿಗಳು ಹೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆ. ನಮ್ಮ ಸೀಮೆಯ ಬೀಜದ ಕರಿ ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ, ಸುಮಾರು ನೂರೈವತ್ತು ವರ್ಷದಿಂದ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಬೆಳೀತಾ ಇದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅದರ ಮೂಲ ನಮ್ಮದಲ್ಲ. ಅಮೆರಿಕದ ಇಸಾಬೆಲ್ಲಾ ಎಂಬ ತಳಿಯೇ ಇದು ಅಂತ ತಜ್ಞರು ಹೇಳುತ್ತಾರೆ. ದಪ್ಪ ಸಿಪ್ಪೆ, ಗಮ್ಮಂತ ವಾಸನೆ, ವರ್ಷಕ್ಕೆ ಎರಡು ಬೆಳೆ. ಬೇರೆ ತಳಿಗಳಿಗೆ ಹೋಲಿಸಿದರೆ ರೋಗವನ್ನೂ ಸ್ವಲ್ಪ ತಡೆದುಕೊಳ್ಳುತ್ತೆ.

ಇದೇ ಇಸಾಬೆಲ್ಲಾ ದ್ರಾಕ್ಷಿಯ ವೈನನ್ನು ಫ್ರಾನ್ಸ್ ದೇಶ 1934ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಾವು ಹೆಮ್ಮೆಯಿಂದ ಬೆಳೆಯೋ ಹಣ್ಣು ಅಲ್ಲಿ ಜಾತಿಭ್ರಷ್ಟ! ಆದರೆ ಇನ್ನೊಂದು ಕತೆಯೂ ಇದೆ. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆಯಲ್ಲಿ ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಹುಳ ಫ್ರಾನ್ಸಿಗೆ ಹೋಗಿ ಲಕ್ಷಗಟ್ಟಲೆ ಎಕರೆ ತೋಟ ಒಣಗಿಹೋಯಿತು. ಕೊನೆಗೆ ಅಮೆರಿಕದ ಕಾಡುಬಳ್ಳಿಗಳ ಬೇರಿನ ಮೇಲೆ ತಮ್ಮ ತಳಿ ಕಸಿ ಕಟ್ಟಿ ಅವರು ಉಳಿದುಕೊಂಡರು. ನಾವು ಈಗ ಹಾಕೋ ಡಾಗ್‌ರಿಡ್ಜ್ ಬೇರುಸಸಿಯೂ ಅಮೆರಿಕದ್ದೇ.

ಈಗ ವೈನರಿ ವಿಷಯಕ್ಕೆ ಬರೋಣ. ನಂದಿಬೆಟ್ಟದ ತಪ್ಪಲಲ್ಲಿ ದೊಡ್ಡಬಳ್ಳಾಪುರದ ಕಡೆ 1988ರಲ್ಲಿ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನು ನೆಟ್ಟರು. ಕಾಬರ್ನೆ, ಶಿರಾಜ್ ಮುಂತಾದ ಹೆಸರು ನಮ್ಮ ಕಡೆ ರೈತರ ಬಾಯಿಗೆ ಬಂದದ್ದು ಆಮೇಲೆಯೇ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಆಯಿತು. ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಒಂದೇ ವರ್ಷದಲ್ಲಿ ಒಂದು ಕೈ ಸಾರಾಯಿ ಅಂಗಡಿ ಮುಚ್ಚಿಸಿತು, ಇನ್ನೊಂದು ಕೈ ವೈನ್ ಮನೆ ಬಾಗಿಲು ತೆಗೆಯಿತು. ನಮ್ಮೂರ ಹೆಣ್ಣುಮಕ್ಕಳು ಇದನ್ನು ಸುಮ್ಮನೆ ಬಿಡುತ್ತಾರೆಯೇ? ಸ್ತ್ರೀಶಕ್ತಿ ಸಂಘದ ಅಕ್ಕಂದಿರೊಬ್ಬರು ನನ್ನನ್ನೇ ನಿಲ್ಲಿಸಿ, “ಹೆಂಡ ಅಂದ್ರೂ ಅದೇ, ವೈನ್ ಅಂದ್ರೂ ಅದೇ ಅಲ್ವೇನಣ್ಣ?” ಅಂತ ಕೇಳಿದ್ದರು. ಅಮಲು ಎರಡರಲ್ಲೂ ಇದೆ, ಅದರಲ್ಲಿ ಸುಳ್ಳಿಲ್ಲ. ಆದರೆ ದ್ರಾಕ್ಷಿ ಬೆಳೆಯೋನಿಗೆ ವೈನ್ ಅಂದರೆ ಹಣ್ಣು ಕೊಳ್ಳುವ ಇನ್ನೊಂದು ಗಿರಾಕಿ. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ನಾವು ನಾಲ್ಕು ಜನ ನಿರ್ದೇಶಕರು ಒಂದು ಚಿಕ್ಕ ವೈನರಿ ನೋಡಲು ಹೋದೆವು.

ಹತ್ತಿಪ್ಪತ್ತು ಎಕರೆ ತೋಟದ ಮಧ್ಯೆ ಒಂದು ಶೆಡ್ಡು. ಹಾಲಿನ ಡೇರಿ ಥರವೇ ಸ್ಟೀಲ್ ಟ್ಯಾಂಕುಗಳು. ಬಿ.ಎಸ್ಸಿ. ಓದಿದ ಒಬ್ಬ ಹೆಣ್ಣುಮಗಳು ಎಲ್ಲ ತೋರಿಸಿದರು. ಬೆಳಗಿನ ಜಾವದ ತಂಪಿನಲ್ಲೇ ಕೊಯ್ಲು ಮಾಡಿ ಕ್ರೇಟಿನಲ್ಲಿ ತರ್ತಾರೆ. ಮಿಷಿನ್ನು ತೊಟ್ಟು ಬಿಡಿಸಿ ಹಣ್ಣು ಒಡೆಯುತ್ತೆ. ಕರಿ ದ್ರಾಕ್ಷಿಯ ರಸ ಕೂಡ ಒಳಗೆ ಬಿಳಿಯೇ, ಬಣ್ಣ ಇರೋದು ಸಿಪ್ಪೆಯಲ್ಲಿ. ಕೆಂಪು ವೈನ್ ಬೇಕಾದರೆ ಸಿಪ್ಪೆ ಸಮೇತ ಹುಳಿಸುತ್ತಾರೆ, ಬಿಳಿ ಬೇಕಾದರೆ ರಸವನ್ನು ಮಾತ್ರ. ಹುದುಗು ಸಕ್ಕರೆ ತಿಂದು ಮದ್ಯಸಾರ ಮಾಡುತ್ತೆ, ಬಿಸಿ ಏರದ ಹಾಗೆ ಟ್ಯಾಂಕಿನ ಸುತ್ತ ತಣ್ಣೀರು ಓಡಿಸುತ್ತಾರೆ. ಸುಮಾರು ಒಂದೂಕಾಲು ಕೆ.ಜಿ. ಹಣ್ಣಿಗೆ 750 ಮಿಲಿ ಬಾಟಲಿ ಒಂದು. ಬಾಟಲಿ ಬೆಲೆ ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾರುಕಟ್ಟೆಯಲ್ಲಿ ನಮ್ಮ ಒಂದೂಕಾಲು ಕೆ.ಜಿ. ಹಣ್ಣಿಗೆ ಸಿಗೋದನ್ನು ಇಲ್ಲಿ ಬರೆಯಬೇಕಾಗಿಲ್ಲ, ನಿಮಗೇ ಗೊತ್ತು. ಆದರೆ ಮಧ್ಯದಲ್ಲಿ ಟ್ಯಾಂಕು, ಕರೆಂಟು, ಓಕ್ ಮರದ ಪೀಪಾಯಿ, ವರ್ಷಗಟ್ಟಲೆ ಕಾಯುವ ಬಂಡವಾಳದ ಬಡ್ಡಿ, ತೆರಿಗೆ ಎಲ್ಲ ಇದೆ. ಅದನ್ನೂ ಲೆಕ್ಕ ಹಿಡಿಯಬೇಕು.

ಆಮೇಲೆ ರುಚಿ ನೋಡೋ ಕಾರ್ಯಕ್ರಮ. ಲೋಟ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಅಲ್ಲಾಡಿಸಿ ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳಬೇಕು. “ಕಾಸು ಕೊಟ್ಟು ಉಗುಳೋದಾ ತಾಯಿ?” ಅಂತ ನಮ್ಮ ಹಿರಿಯ ನಿರ್ದೇಶಕರು ಕೇಳಿದಾಗ ಆ ಹೆಣ್ಣುಮಗಳೂ ನಕ್ಕುಬಿಟ್ಟರು. ನಮ್ಮಲ್ಲಿ ಒಬ್ಬರು ಮಾಲೆ ಹಾಕಿದ್ದರು, ಅವರು ಮೂಸಿಯೂ ನೋಡಲಿಲ್ಲ, ತೋಟದ ಕಡೆ ಹೋದರು. ಬಿಳಿ ವೈನ್ ನಿಂಬೆಹುಳಿ ಥರ ಚುರುಕಾಗಿತ್ತು. ಕೆಂಪು ವೈನ್ ನೇರಳೆ ಹಣ್ಣು ತಿಂದಾಗ ನಾಲಗೆ ಹಿಡಿಯೋ ಹಾಗೆ ಒಗರು. ಆ ಒಗರು ಸಿಪ್ಪೆ, ಬೀಜದಿಂದ ಬರುತ್ತಂತೆ, ಅದಕ್ಕೇ ಬೆಲೆಯಂತೆ. ಕೊನೆಗೆ ಬೆಂಗಳೂರು ಬ್ಲೂನಲ್ಲಿ ಮಾಡಿದ ಸಿಹಿ ವೈನ್ ಕೊಟ್ಟರು. ಲೋಟ ಮೂಗಿನ ಹತ್ತಿರ ತಂದ ಕೂಡಲೇ ನಮ್ಮ ಚಪ್ಪರದ ಕೆಳಗೆ ನಿಂತ ಹಾಗಾಯಿತು. ಅದೇ ವಾಸನೆ. ಗೊತ್ತಿದ್ದವರು ಆ ವಾಸನೆಯನ್ನು ದೋಷ ಅಂತಾರೆ. ಅನ್ನಲಿ ಬಿಡಿ.

ತೋಟ ನೋಡಿ ಬಂದವರು ಹೇಳಿದ ಮಾತು ಮುಖ್ಯ. ನಾವು ಗೊಂಚಲು ದಪ್ಪ ಬರಲಿ, ತೂಕ ಬರಲಿ ಅಂತ ಒದ್ದಾಡುತ್ತೇವೆ. ಅಲ್ಲಿ ಬಳ್ಳಿಯಲ್ಲಿ ಕಾಯಿ ಕಡಿಮೆ ಬಿಟ್ಟು, ಹಣ್ಣು ಚಿಕ್ಕದಾಗಿ ಸಕ್ಕರೆ ಏರೋವರೆಗೆ ಕಾಯುತ್ತಾರೆ. 24 ಬ್ರಿಕ್ಸ್ ಸಕ್ಕರೆ ಇದ್ದರೆ ಸುಮಾರು ಶೇ. 13 ಮದ್ಯಸಾರ. ರೈತರಿಂದ ಕೊಳ್ಳುವ ಹಣ್ಣಿಗೂ ಬ್ರಿಕ್ಸ್ ನೋಡಿಯೇ ದರ. ಅಲ್ಲಿ ತೂಕ ಒಂದೇ ಮಾತಾಡೋದಿಲ್ಲ.

ಇಷ್ಟೆಲ್ಲ ನೋಡಿ ವಾಪಸು ಬರುವಾಗ ಜೀಪಿನಲ್ಲಿ ಬಂದ ಪ್ರಶ್ನೆ: ನಮ್ಮಂಥ ಸಂಘ ಇದನ್ನು ಮಾಡಬಹುದೇ? ಬೇರೆ ದೇಶದ ಚರಿತ್ರೆ ಆಗಬಹುದು ಅಂತಲೇ ಹೇಳುತ್ತೆ. ಜರ್ಮನಿಯ ಆರ್ ನದಿ ಕಣಿವೆಯ ಮೈಶೋಸ್ ಅನ್ನೋ ಹಳ್ಳಿಯಲ್ಲಿ 1868ರಲ್ಲೇ ದ್ರಾಕ್ಷಿ ರೈತರು ಸಹಕಾರ ಸಂಘ ಕಟ್ಟಿದರು. 2021ರ ಜುಲೈನಲ್ಲಿ ಭಾರಿ ಪ್ರವಾಹ ಆ ಕಣಿವೆಯನ್ನೇ ಕೊಚ್ಚಿತು, ಸಂಘ ಮತ್ತೆ ಎದ್ದು ನಿಂತಿತು. ಫ್ರಾನ್ಸಿನ ದಕ್ಷಿಣದಲ್ಲಿ ಬೆಜಿಯೆ ಪಟ್ಟಣದ ಹತ್ತಿರ ಮರೊಸ್ಸಾನ್ ಅಂತ ಇನ್ನೊಂದು ಹಳ್ಳಿ. ವೈನಿನ ದರ ನೆಲಕಚ್ಚಿ, ದಲ್ಲಾಳಿಗಳು ಹೇಳಿದ್ದೇ ರೇಟು ಅನ್ನೋ ಕಾಲದಲ್ಲಿ, 1901ರಲ್ಲಿ ಅಲ್ಲಿನ ಸಣ್ಣ ರೈತರು ಒಟ್ಟುಗೂಡಿದರು. ಅವರು ಮೊದಲು ಕಾರ್ಖಾನೆ ಕಟ್ಟಲಿಲ್ಲ. ತಂತಮ್ಮ ವೈನನ್ನು ಕೂಡಿಸಿ, ದಲ್ಲಾಳಿಯನ್ನು ಬಿಟ್ಟು, ಪ್ಯಾರಿಸ್ಸಿನ ಗ್ರಾಹಕರ ಸಹಕಾರ ಸಂಘಗಳಿಗೆ ನೇರ ಮಾರಿದರು. ಮಾರಾಟ ಕುದುರಿದ ಮೇಲೆ, 1905ರಲ್ಲಿ ಎಲ್ಲರಿಗೂ ಸೇರಿದ ವೈನ್ ಮನೆ ಕಟ್ಟಲು ಹೊರಟರು. ಅದೇ 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಾರದು, ಇಬ್ಬರ ಸಂಕಟವೂ ಒಂದೇ.

ಸಂಘಕ್ಕೆ ಸೇರದೆ ಉಳಿದ ಫ್ರಾನ್ಸಿನ ರೈತರ ಗತಿ 1907ರಲ್ಲಿ ಬೀದಿಗೆ ಬಂತು. ಸಕ್ಕರೆ ನೀರು ಬೆರೆಸಿದ ಕಳ್ಳ ವೈನ್ ಮಾರುಕಟ್ಟೆ ತುಂಬಿ, ಅಸಲಿ ಮಾಲು ಕೇಳೋರಿಲ್ಲದೆ, ಜೂನ್ ತಿಂಗಳಲ್ಲಿ ಮಾಂಪೆಲಿಯೆ ನಗರದಲ್ಲಿ ಲಕ್ಷಾಂತರ ಜನ ಸೇರಿದರು. ನಾರ್ಬನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಕಲಬೆರಕೆ ವಿರುದ್ಧ ಕಾನೂನು ಬಂದದ್ದು ಅದಾದ ಮೇಲೆ.

2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಹಣ್ಣು ಬಳ್ಳಿಯಲ್ಲೇ ಕೊಳೆತದ್ದನ್ನು ನಾವೆಲ್ಲ ಕಂಡಿದ್ದೇವೆ. ಆಗ ನಮ್ಮ ಕೈಯಲ್ಲಿ ಕೋಲ್ಡ್ ಸ್ಟೋರೇಜೂ ಇರಲಿಲ್ಲ, ರಸ ತೆಗೆಯೋ ಮಿಷಿನ್ನೂ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ವೈನರಿ ಕಟ್ಟೋದು ನಮ್ಮ ಸಂಘದ ಷೇರು ಬಂಡವಾಳಕ್ಕೆ ನಿಲುಕದ ಮಾತು, ಅಕ್ಕಂದಿರ ಒಪ್ಪಿಗೆಯೂ ಸಿಕ್ಕೋದಿಲ್ಲ. ಆದರೆ ಮರೊಸ್ಸಾನಿನವರ ಮೊದಲ ಹೆಜ್ಜೆ ನಮಗೂ ಸಾಧ್ಯ: ಹಣ್ಣು ಒಟ್ಟು ಮಾಡಿ, ದರ್ಜೆ ಮಾಡಿ, ರಸದ ಕಾರ್ಖಾನೆಯವರ ಹತ್ತಿರವೂ ವೈನರಿಯವರ ಹತ್ತಿರವೂ ಸಂಘದ ಹೆಸರಿನಲ್ಲೇ ದರ ಮಾತಾಡೋದು. ಅದಕ್ಕೆ ಬ್ರಿಕ್ಸ್ ನೋಡೋ ರಿಫ್ರಾಕ್ಟೋಮೀಟರ್ ಬೇಕು. ಗೇಣುದ್ದದ ದುರ್ಬೀನು ಥರ ಇರುತ್ತೆ, ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆ ಎಷ್ಟು ಅಂತ ಗೆರೆ ತೋರಿಸುತ್ತೆ. ಒಂದನ್ನು ಕೊಂಡು ಸಂಘದ ಕಚೇರಿಯಲ್ಲಿ ತೂಕದ ಯಂತ್ರದ ಪಕ್ಕ ಇಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯ ಪಟ್ಟಿಗೆ ಬರೆದುಕೊಟ್ಟಿದ್ದೇನೆ.