ಮನೆವಾರ್ತೆ

ಸಮಾಚಾರವೆಂಬ ಅರ್ಥಕ್ಕೆ ಇಂದು ಸಂಕುಚಿತವಾಗಿರುವ ‘ವಾರ್ತೆ’ಯು ಮೂಲತಃ ‘ವೃತ್ತಿ’ಯ ಬಂಧು. ಕೌಟಿಲ್ಯನು ಕೃಷಿ, ಪಶುಪಾಲನೆ, ವಾಣಿಜ್ಯಗಳೆಂಬ ಜೀವನೋಪಾಯಗಳನ್ನು ಒಟ್ಟುಗೂಡಿಸಿ ‘ವಾರ್ತಾ’ ಎಂದುದನ್ನು ನೆನೆದರೆ, ಗೃಹಕೃತ್ಯದ ಆಯವ್ಯಯಗಳ ನಿರ್ವಹಣೆಗೆ ‘ಮನೆವಾರ್ತೆ’ ಎಂಬ ಹೆಸರು ಸಂದುದರ ಔಚಿತ್ಯವು ತಾನಾಗಿ ವಿಶದವಾಗುವುದು. ಯಜಮಾನನ ಸ್ವತ್ತನ್ನು ನೋಡಿಕೊಳ್ಳುವಾತನನ್ನು ಕನ್ನಡ ಬೈಬಲ್ಲು ‘ಮನೆವಾರ್ತೆಯವನು’ ಎನ್ನುತ್ತದೆ. ಅದರ ಗ್ರೀಕ್ ಮೂಲವಾದ ‘ಓಯ್ಕೊನೊಮೊಸ್’ ಪದದ ಪೂರ್ವಾರ್ಧವೂ ಮನೆಯೇ. ‘ಪಾರುಪತ್ಯಗಾರ’ ಎಂದಿದ್ದರೂ ಆಗುತ್ತಿತ್ತು. ಆದರೆ ಆ ಪದದಲ್ಲಿ ಅಧಿಕಾರದ ಠೀವಿ ತುಸು ಹೆಚ್ಚೆಂದೇ ನನ್ನ ಭಾವನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ‘ಮನೆವಾರ್ತೆಯವನು’ ಎಂಬ ಪದಕ್ಕೆ ವ್ಯಾಖ್ಯಾನವೇ ಬೇಡ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೇರಿಸಿ, ಒಳಗಿನ ನೀರಿಂಗಿ ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಹೆಚ್ಚುಕಡಿಮೆ ವರ್ಷಕಾಲ ಕಾದಿರಬೇಕಾದ ಈ ವ್ಯವಸಾಯದಲ್ಲಿ, ಪರಸ್ಥಳದಲ್ಲಿರುವ ಒಡೆಯನ ಅಟ್ಟದಿಂದ ನಾಲ್ಕು ಕಾಯಿ ಕಾಣೆಯಾದರೆ ಕೇಳುವವರಾರು? ಕೊಬ್ಬರಿಯ ಹರಾಜಿನ ಲೆಕ್ಕವನ್ನು ಊರೆಲ್ಲ ನೋಡುವುದು. ತಾನಾಗಿ ಕಳಚಿ ಬಿದ್ದ ಕಾಯಿ ಯಾರ ರಾಶಿಗೆ ಸೇರಿತೆಂಬುದು ತೋಟ ಕಾಯುವವನೊಬ್ಬನಿಗೇ ಗೊತ್ತು.

ಇಂಥ ಅಲ್ಪದ ಮಾತೇ ಬೈಬಲ್ಲಿನಲ್ಲೂ ಇದೆ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ಸಾಲಗಾರರ ಪತ್ರಗಳನ್ನು ತಿದ್ದಿಸಿ ನೂರನ್ನು ಐವತ್ತಾಗಿಯೂ ಎಂಬತ್ತಾಗಿಯೂ ಮಾಡಿಸಿದ ಮನೆವಾರ್ತೆಯವನ ಕಥೆಯ ಬೆನ್ನಿಗೇ, ಅಲ್ಪದಲ್ಲಿ ನಂಬಿಕೆಗೆ ಪಾತ್ರನಾದವನ ಪ್ರಸ್ತಾಪ ಬರುತ್ತದೆ. ಅಲ್ಲಿ ‘ಅಲ್ಪ’ವೆಂದು ಎಣಿಸಲ್ಪಟ್ಟಿರುವುದು ಧನವೇ ಎಂಬುದನ್ನು ಧನಿಕರು ಮಾತ್ರವಲ್ಲ, ಬೋಧಕರೂ ಬಹುಧಾ ಮರೆಯುವರು. ಅದೇ ಗ್ರಂಥದ ಹೆಸರಿನಲ್ಲಿರುವ ‘ಸುವಾರ್ತೆ’ಯಲ್ಲಿ ವಾರ್ತೆಗೆ ಸಮಾಚಾರವೆಂದೇ ಅರ್ಥ. ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಪುಸ್ತಕದಲ್ಲಿ ನಿರಾತಂಕವಾಗಿ ಬಾಳುತ್ತಿವೆ.