ಭಟ್, ಅಶ್ವಿನಿ

ಕರ್ನಾಟಕ ಮೂಲದ ಸೆರಾಮಿಕ್ ಶಿಲ್ಪಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಬಿರಿಯುವ ಮೊಗ್ಗು, ಬೀಜಕೋಶ, ಮರದ ಗಂಟುಗಳನ್ನು ನೆನಪಿಸುವ ಆಕಾರಗಳು ಇವರ ಶಿಲ್ಪಗಳಲ್ಲಿ ಮನುಷ್ಯದೇಹದ ಬಾಗು-ಬಳುಕುಗಳೊಡನೆ ಬೆರೆತಿರುತ್ತವೆ.

ಹಿನ್ನೆಲೆ

ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದ ಅಶ್ವಿನಿ ಶಾಸ್ತ್ರೀಯ ನೃತ್ಯದಲ್ಲೂ ಪಳಗಿದವರು. ಮಣ್ಣಿನ ಕೆಲಸವನ್ನು ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ರೇ ಮೀಕರ್ ಅವರಿಂದ ಕಲಿತರು. ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಆರಂಭಿಸಿದ ಈ ಕಾರ್ಯಾಗಾರ ದಕ್ಷಿಣ ಭಾರತದಲ್ಲಿ ಸ್ಟೋನ್‌ವೇರ್ (ಹೆಚ್ಚಿನ ಉರಿಯಲ್ಲಿ ಬೇಯಿಸುವ ಗಟ್ಟಿ ಮಣ್ಣಿನ) ಕಲೆಗೆ ನೆಲೆ ಒದಗಿಸಿತು. ಸ್ಮಿತ್ ಜಪಾನಿನ ಬಿಜೆನ್‌ನಲ್ಲಿ ತರಬೇತಿ ಪಡೆದವರು.

ಸುಡುವ ಕ್ರಮ

ಅಶ್ವಿನಿಯವರ ಮೊದಲ ಘಟ್ಟದ ಹಲವು ಕೃತಿಗಳು ಕಟ್ಟಿಗೆಯ ಉರಿಯಲ್ಲಿ ಬೆಂದವು. ನಮ್ಮ ಕುಂಬಾರರ ಆವಿಗೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ; ಮಡಕೆಯ ಮೈ ಸರಂಧ್ರವಾಗಿ ಉಳಿಯುವುದರಿಂದ ನೀರು ತಂಪಾಗುತ್ತದೆ. ಸ್ಟೋನ್‌ವೇರ್‌ಗೆ 1200ರಿಂದ 1300 ಡಿಗ್ರಿ ಬೇಕು. ಇದಕ್ಕಾಗಿ ಜಪಾನಿನ ಅನಗಾಮ ಮಾದರಿಯ ಗೂಡಿನಲ್ಲಿ ದಿನಗಟ್ಟಲೆ ಸೌದೆ ಒಟ್ಟುತ್ತಾರೆ. ಉರಿಯೊಂದಿಗೆ ಹಾರುವ ಬೂದಿ ಶಿಲ್ಪದ ಮೇಲೆ ಕೂರುತ್ತದೆ. ಬೂದಿಯಲ್ಲಿರುವ ಸುಣ್ಣ ಮತ್ತು ಪೊಟ್ಯಾಶ್ ಮಣ್ಣಿನ ಸಿಲಿಕಾವನ್ನು ಕರಗಿಸಿ ಗಾಜಾಗಿಸುತ್ತವೆ. ಉರಿಗೆ ಎದುರಾದ ಮಗ್ಗುಲಲ್ಲಿ ಹಸಿರು ಛಾಯೆಯ ಗಾಜು ಹರಿದು ಹನಿಗಟ್ಟಿದರೆ, ಹಿಂಬದಿ ಒರಟಾಗಿ, ಕಂದು ಬಣ್ಣದಲ್ಲೇ ಉಳಿಯುತ್ತದೆ. ಅಂದರೆ ಇಲ್ಲಿ ಸಸ್ಯ ಆಕಾರವಾಗಿ ಮಾತ್ರವಲ್ಲ, ಮೆರುಗಾಗಿಯೂ ಬರುತ್ತದೆ.

ಇಂಥ ಆಕಾರಗಳನ್ನು ಸಾಮಾನ್ಯವಾಗಿ ಒಳಗೆ ಪೊಳ್ಳಾಗಿ ಕಟ್ಟಬೇಕು. ದಪ್ಪ ಮಣ್ಣಿನಲ್ಲಿ ಉಳಿದ ತೇವ ಆವಿಯಾಗಿ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಸ್ಫಟಿಕಶಿಲೆಯ ಕಣಗಳು ಹಠಾತ್ತನೆ ಹಿಗ್ಗುತ್ತವೆ, ತಣಿಯುವಾಗ ಕುಗ್ಗುತ್ತವೆ. ಈ ಹಂತದಲ್ಲಿ ಅವಸರ ಮಾಡಿದರೆ ಬಿರುಕು ಬಿಡಬಹುದು.

ನಂತರದ ಕೃತಿಗಳು

‘ಅಸೆಂಬ್ಲಿಂಗ್ ಕ್ಯಾಲಿಫೋರ್ನಿಯಾ’ ಸರಣಿ ಅಲ್ಲಿನ ನೆಲ, ಗಿಡಮರ, ಕಾಳ್ಗಿಚ್ಚುಗಳೊಡನೆ ಬೆಳೆದ ನಂಟಿನ ಫಲ. ಹೌವರ್ಡ್ ಪ್ರತಿಷ್ಠಾನದ ಶಿಲ್ಪಕಲಾ ಪುರಸ್ಕಾರ ಇವರಿಗೆ ಸಂದಿದೆ.

ಮಹತ್ವ

ಅಶ್ವಿನಿಯವರನ್ನು ಸಸ್ಯಶಿಲ್ಪಿ ಎಂದಷ್ಟೇ ಕರೆಯುವುದು ಬಹುಶಃ ಅಪೂರ್ಣ. ಇಂಥದೇ ಗಿಡ, ಇಂಥದೇ ಹೂ ಎಂದು ಗುರುತಿಸಿ ಹೇಳುವಂತೆ ಅವರು ರೂಪಿಸುವುದಿಲ್ಲ; ಚಿಗುರುವುದು, ಉಬ್ಬುವುದು, ಬಿರಿಯುವುದು ಎಂಬ ಕ್ರಿಯೆಗಳನ್ನೇ ಮಣ್ಣಿನಲ್ಲಿ ಹಿಡಿಯುತ್ತಾರೆ. ಇದರಲ್ಲಿ ನೃತ್ಯದ ಅಭ್ಯಾಸದ ಪಾಲು ದೊಡ್ಡದೆಂದು ತೋರುತ್ತದೆ. ಕುಂಬಾರಿಕೆಯನ್ನು ಕರಕುಶಲವೆಂದೂ ಶಿಲ್ಪವನ್ನು ಕಲೆಯೆಂದೂ ಬೇರ್ಪಡಿಸುವ ರೂಢಿಗೆ ಇವರ ಕೆಲಸ ಗಟ್ಟಿಯಾದ ಉತ್ತರ.